ಜೋಡಿ ಸಮ ಇರಬೇಕು: ಆಟ, ದುಡ್ಡು ಮತ್ತು ದಾವಣಗೆರೆಯ ಮರೆತುಹೋದ ಒಂದು ಟೀಮು

1/8

ಮೊದಲ ಫೋಟೋ ಸ್ವಲ್ಪ ಜೂಮ್ ಮಾಡಿ. ಟೆನಿಸ್ ಬಾಲ್ ಟೂರ್ನಮೆಂಟ್ ಪೋಸ್ಟರು. ಚನ್ನಗಿರಿ ಇರಲಿ, ಹೊನ್ನಾಳಿ ಇರಲಿ, ನ್ಯಾಮತಿ, ಜಗಳೂರು ಎಲ್ಲೇ ಇರಲಿ, ಬೇಸಿಗೆ ಬಂತು ಅಂದ್ರೆ ಬಸ್ ಸ್ಟ್ಯಾಂಡ್ ಗೋಡೆ ಮೇಲೂ ಬೇಕರಿ ಬಾಗಿಲಲ್ಲೂ ಇಂಥದ್ದೊಂದು ಇದ್ದೇ ಇರುತ್ತೆ. ಮೇಲೆ ದಾನಿಗಳ ಫೋಟೋ, ನಡುವೆ ಟ್ರೋಫಿ, ಪ್ರಥಮ ಬಹುಮಾನ, ದ್ವಿತೀಯ ಬಹುಮಾನ, ಪ್ರವೇಶ ಶುಲ್ಕ. ನಾವೆಲ್ಲ ಅಷ್ಟನ್ನೇ ಓದಿ ಟೀಮ್ ಕಟ್ಟೋಕೆ ಓಡ್ತೀವಿ.

ಈ ಸಲ ಕೆಳಗಿನ ಸಣ್ಣ ಅಕ್ಷರ ಓದಿ. "ಹೊರಗಿನ ಆಟಗಾರರಿಗೆ ಅವಕಾಶವಿಲ್ಲ. ಆಧಾರ್ ಕಾರ್ಡ್ ಕಡ್ಡಾಯ."

ಕ್ರಿಕೆಟ್ ಆಡೋಕೆ ಆಧಾರ್ ಕಾರ್ಡ್ ಯಾಕ್ರಿ? ಉತ್ತರ ನಿಮಗೆ ಗೊತ್ತಿದೆ. ಯಾವುದೋ ಊರಿನವರು ದುಡ್ಡು ಕೊಟ್ಟು ದಾವಣಗೆರೆಯಿಂದಲೋ ಶಿವಮೊಗ್ಗದಿಂದಲೋ ಇಬ್ಬರು ಬೌಲರ್, ಒಬ್ಬ ಸಿಕ್ಸರ್ ಹೊಡೆಯೋನನ್ನ ಕರ್ಕೊಂಡು ಬರ್ತಾರೆ. ಬಹುಮಾನ ಎತ್ಕೊಂಡು ಹೋಗ್ತಾರೆ. ಮುಂದಿನ ವರ್ಷ ಎಂಟು ಟೀಮು ಎಂಟ್ರಿ ಫೀಸೇ ಕಟ್ಟಲ್ಲ. ಟೂರ್ನಮೆಂಟ್ ಅಲ್ಲಿಗೆ ಸತ್ತು ಹೋಗುತ್ತೆ. ಆ ಸಾವು ತಪ್ಪಿಸೋಕೆ ಬಂದಿದ್ದು ಆಧಾರ್ ನಿಯಮ.

ಇದೇ ಸಮಸ್ಯೆಗೆ ಜಗತ್ತಿನ ದೊಡ್ಡ ದೊಡ್ಡ ಲೀಗ್‌ಗಳು ನೂರು ವರ್ಷದಿಂದ ಉತ್ತರ ಹುಡುಕ್ತಿವೆ. ದುಡ್ಡಿದ್ದವನೇ ಗೆಲ್ತಾ ಹೋದ್ರೆ ಆಟ ಉಳಿಯುತ್ತಾ? ಈ ಸರಣಿ ಅದರ ಇತಿಹಾಸ. ಆರ್‌ಸಿಬಿ ಬರುತ್ತೆ, ಬಾಂಬೆ ಬರುತ್ತೆ, ಅಮೆರಿಕದ ಒಂದು ಸಣ್ಣ ಊರು ಬರುತ್ತೆ. ಕೊನೆಗೆ ನಮ್ಮ ಜಿಲ್ಲೆಯ ಹೆಸರು ಹೊತ್ತಿದ್ದ, ನಿಮ್ಮಲ್ಲಿ ಹೆಚ್ಚಿನವರು ಕೇಳೇ ಇರದ ಒಂದು ತಂಡ ಬರುತ್ತೆ. ಪರೀಕ್ಷೆಗೆ ಬರಲ್ಲ, ಆರಾಮಾಗಿ ಓದಿ.

2/8

ಎರಡನೇ ಫೋಟೋ: ಅಖಾಡ. ಕೆಂಪು ಮಣ್ಣು.

ದಾವಣಗೆರೆಯ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಅಲ್ಲಿನ ಬಯಲು ಕುಸ್ತಿ ನೋಡಿದ್ದೀರಾ? ಕುಸ್ತಿ ಶುರುವಾಗೋ ಮುಂಚೆ ಹಿರಿಯರು ಮಾಡೋ ಕೆಲಸ ಗಮನಿಸಿ. ಬಂದ ಪೈಲ್ವಾನರನ್ನ ನಿಲ್ಲಿಸಿ, ಮೈಕಟ್ಟು ನೋಡಿ, ತೂಕ ನೋಡಿ, ಯಾವ ಗರಡಿ, ಎಷ್ಟು ವರ್ಷದ ಪಟ್ಟು ಅಂತ ವಿಚಾರಿಸಿ ಜೋಡಿ ಕಟ್ತಾರೆ. ಜೋಡಿ ಸರಿ ಇಲ್ಲ ಅಂದ್ರೆ ಸುತ್ತ ಕೂತ ಜನರೇ ಕೂಗ್ತಾರೆ. ಯಾಕಂದ್ರೆ ಅರ್ಧ ನಿಮಿಷದಲ್ಲಿ ಚಿತ್ ಆಗೋ ಕುಸ್ತಿ ನೋಡೋಕೆ ಯಾರೂ ಬಿಸಿಲಲ್ಲಿ ಕೂರಲ್ಲ.

ಟಗರು ಕಾಳಗದಲ್ಲೂ ಅದೇ ಲೆಕ್ಕ. ಎರಡು ಹಲ್ಲಿನ ಟಗರಿಗೆ ಎರಡು ಹಲ್ಲಿಂದೇ ಎದುರಾಳಿ, ನಾಲ್ಕಕ್ಕೆ ನಾಲ್ಕು, ಆರಕ್ಕೆ ಆರು, ಎಂಟಕ್ಕೆ ಎಂಟು. ಬಾಯಿ ತೆರೆದು ಹಲ್ಲು ಎಣಿಸಿದ ಮೇಲೇ ಕಣಕ್ಕೆ ಬಿಡೋದು. (ಪ್ರಾಣಿಗಳನ್ನ ಕಾದಾಡಿಸೋದು ಸರಿ ಅಂತ ನಾನು ಹೇಳ್ತಿಲ್ಲ. ಕಾಮೆಂಟ್‌ನಲ್ಲಿ ಅದಕ್ಕೆ ಜಗಳ ಬೇಡ. ಹಲ್ಲಿನ ಲೆಕ್ಕ ಮಾತ್ರ ನೋಡಿ.)

1964ರಲ್ಲಿ ವಾಲ್ಟರ್ ನೀಲ್ ಅನ್ನೋ ಅಮೆರಿಕದ ಅರ್ಥಶಾಸ್ತ್ರಜ್ಞ ಇದೇ ಮಾತನ್ನ ಒಂದು ಪ್ರಬಂಧದಲ್ಲಿ ಬರೆದ. ಬೇರೆ ವ್ಯಾಪಾರದಲ್ಲಿ ಎದುರು ಅಂಗಡಿ ಮುಚ್ಚಿದ್ರೆ ನನಗೆ ಲಾಭ. ಆಟದಲ್ಲಿ ಎದುರಾಳಿ ಮುಳುಗಿದ್ರೆ ನನ್ನ ಅಂಗಡಿಯೂ ಮುಚ್ಚುತ್ತೆ. ಅವನು ಕೊಟ್ಟ ಉದಾಹರಣೆ ಬಾಕ್ಸಿಂಗಿಂದು. ಜೋ ಲೂಯಿಸ್‌ಗೆ ಹಣ ಬರಬೇಕು ಅಂದ್ರೆ ಎದುರಿಗೆ ಮ್ಯಾಕ್ಸ್ ಶ್ಮೆಲಿಂಗ್‌ನಂಥ ಗಟ್ಟಿ ಆಳು ಇರಲೇಬೇಕು. ಅರ್ಥಶಾಸ್ತ್ರದವರು ಇದಕ್ಕೆ ದೊಡ್ಡ ಹೆಸರು ಇಟ್ಟಿದ್ದಾರೆ. ನಮ್ಮ ಗರಡಿ ಮನೆಯವರು "ಜೋಡಿ" ಅಂತಾರೆ, ಅಷ್ಟೇ.

ಆದರೆ ಕುಸ್ತಿಯಲ್ಲಿ ಜೋಡಿ ಕಟ್ಟೋಕೆ ಹಿರಿಯರಿದ್ದಾರೆ. ತಂಡಗಳ ಆಟದಲ್ಲಿ ಕಟ್ಟೋರು ಯಾರು?

3/8

ದುಡ್ಡು ಅಂದ ಕೂಡಲೇ ಐಪಿಎಲ್ ನೆನಪಾಗುತ್ತೆ. ಆದ್ರೆ ಹರಾಜೇ ಇಲ್ಲದ ಕಾಲದಲ್ಲೂ ದುಡ್ಡು ಆಟ ಆಡ್ತಿತ್ತು.

ರಣಜಿ ಟ್ರೋಫಿಯಲ್ಲಿ 1958-59ರಿಂದ 1972-73ರವರೆಗೆ ಚಾಂಪಿಯನ್ ಯಾರು ಅಂತ ಪಟ್ಟಿ ತೆಗೆದು ನೋಡಿ. ಬಾಂಬೆ, ಬಾಂಬೆ, ಬಾಂಬೆ. ಸತತ 15 ಸಲ! ಈಗಿನ ಯಾವುದೇ ಲೀಗ್‌ನಲ್ಲಿ ಹೀಗಾದ್ರೆ ನೀವು ಆ್ಯಪ್ ಡಿಲೀಟ್ ಮಾಡ್ತಿದ್ರಿ.

ಬಾಂಬೆಯವರಿಗೆ ಪ್ರತಿಭೆ ಇತ್ತು, ಒಪ್ಪೋಣ. ಮೈದಾನಗಳಿದ್ವು, ಶಾಲಾ ಕ್ರಿಕೆಟ್ ಇತ್ತು. ಜೊತೆಗೆ ಕೆಲಸವೂ ಇತ್ತು. ಟಾಟಾ, ಎಸಿಸಿ, ಮಫತ್‌ಲಾಲ್, ನಿರ್ಲಾನ್‌ನಂಥ ಕಂಪನಿಗಳು, ಬ್ಯಾಂಕುಗಳು ಕ್ರಿಕೆಟಿಗರಿಗೆ ನೌಕರಿ ಕೊಡ್ತಿದ್ವು. ಆ ಕಂಪನಿಗಳ ನಡುವೆಯೇ ಟೈಮ್ಸ್ ಶೀಲ್ಡ್ ಅನ್ನೋ ಟೂರ್ನಿ. ಸುನಿಲ್ ಗಾವಸ್ಕರ್ ನಿರ್ಲಾನ್‌ನಲ್ಲಿ, ಅಜಿತ್ ವಾಡೇಕರ್ ಸ್ಟೇಟ್ ಬ್ಯಾಂಕ್‌ನಲ್ಲಿ. ಪಂದ್ಯದ ಸಂಭಾವನೆ ಆಗ ಕೈಖರ್ಚಿಗೂ ಸಾಲ್ತಿರಲಿಲ್ಲ, ಹೊಟ್ಟೆ ತುಂಬಿಸಿದ್ದು ತಿಂಗಳ ಸಂಬಳ. ಯಾವ ಊರಲ್ಲಿ ಕಂಪನಿ ಹೆಚ್ಚೋ ಆ ಊರಲ್ಲಿ ಮೂವತ್ತು ವರ್ಷದವರೆಗೂ ಆಟ ಬಿಡದೇ ಇರೋ ಹುಡುಗರು ಹೆಚ್ಚು. ಕಂಪನಿ ಇಲ್ಲದ ಊರಿನವನು ಇಪ್ಪತ್ತೆರಡಕ್ಕೆ ಬ್ಯಾಟ್ ಅಟ್ಟಕ್ಕೆ ಹಾಕಿ ಹೊಲಕ್ಕೋ ಆಫೀಸಿಗೋ ಹೋಗ್ತಾನೆ. ನಿಮ್ಮ ಬೀದಿಯಲ್ಲೇ ಅಂಥ ಒಬ್ಬ ಮಾವ ಇರ್ತಾರೆ, ಕೇಳಿ ನೋಡಿ.

ಆ ಸರಪಳಿ ಕಡಿದಿದ್ದು ನಮ್ಮವರು. 1974ರ ಸೆಮಿಫೈನಲ್, ಬೆಂಗಳೂರು. ನಾಯಕ ಎರಪಳ್ಳಿ ಪ್ರಸನ್ನ, ಗಾವಸ್ಕರ್ ಬೌಲ್ಡ್. ಚೆನ್ನಾಗಿ ಆಡ್ತಿದ್ದ ವಾಡೇಕರ್ ಜಾರಿ ರನೌಟ್. ಶತಕ ಹೊಡೆದೋರಲ್ಲಿ ಒಬ್ಬರು ಜಿ.ಆರ್. ವಿಶ್ವನಾಥ್. ಹುಟ್ಟಿದ್ದು ಭದ್ರಾವತಿಯಲ್ಲಿ, ಅಂದ್ರೆ ಚನ್ನಗಿರಿಯವರಿಗೆ ಪಕ್ಕದ ಮನೆ. ಮೊದಲ ಇನಿಂಗ್ಸ್ ಮುನ್ನಡೆಯಲ್ಲಿ ಬಾಂಬೆ ಹೊರಬಿತ್ತು, ಮುಂದೆ ಜೈಪುರದಲ್ಲಿ ರಾಜಸ್ಥಾನವನ್ನ ಸೋಲಿಸಿ ಕರ್ನಾಟಕ ಮೊದಲ ಸಲ ರಣಜಿ ಗೆದ್ದಿತು. ವಿಶಿ ಕೂಡ ಸ್ಟೇಟ್ ಬ್ಯಾಂಕ್ ಉದ್ಯೋಗಿಯೇ ಅನ್ನೋದು ನೆನಪಿಟ್ಕೊಳ್ಳಿ. ಬೆಂಗಳೂರಲ್ಲೂ ಅಷ್ಟೊತ್ತಿಗೆ ಬ್ಯಾಂಕು, ಸರ್ಕಾರಿ ಕಾರ್ಖಾನೆ ಬೆಳೆದಿದ್ವು. ಪ್ರತಿಭೆ ಜೊತೆ ಸಂಬಳವೂ ಹಂಚಿಕೆ ಆದಾಗ ಕಪ್ಪೂ ಹಂಚಿಕೆ ಆಯ್ತು ಅನ್ನೋದು ನನ್ನ ಲೆಕ್ಕ.

4/8

ಈಗ ನಿಮಗೆಲ್ಲ ಗೊತ್ತಿರೋ ನೋವು.

2008ರ ಜನವರಿ 24. ಐಪಿಎಲ್‌ನ ಎಂಟು ತಂಡಗಳು ಮಾರಾಟ ಆದ ದಿನ. ಅತಿ ಹೆಚ್ಚು ಬೆಲೆ ಮುಂಬೈಗೆ, 11.19 ಕೋಟಿ ಡಾಲರ್. ಕೂದಲೆಳೆ ಅಂತರದಲ್ಲಿ ಎರಡನೆಯದು ನಮ್ಮ ಬೆಂಗಳೂರು, 11.16 ಕೋಟಿ ಡಾಲರ್. ಅತಿ ಕಡಿಮೆ ಬೆಲೆಗೆ ಹೋಗಿದ್ದು ಜೈಪುರ, 6.7 ಕೋಟಿ ಡಾಲರ್.

ತಂಡ ಕೊಳ್ಳೋಕೆ ಎಷ್ಟು ಬೇಕಾದ್ರೂ ಸುರಿಯಬಹುದು, ಆದ್ರೆ ಆಟಗಾರರನ್ನ ಕೊಳ್ಳೋಕೆ ಎಲ್ಲರಿಗೂ ಒಂದೇ ಮಿತಿ: 50 ಲಕ್ಷ ಡಾಲರ್. ಇದೇ ಪರ್ಸ್. ಕುಸ್ತಿಯ ಹಿರಿಯರ ಕೆಲಸವನ್ನ ಇಲ್ಲಿ ಈ ಪರ್ಸ್ ಮಾಡಬೇಕಿತ್ತು.

ಬೆಂಗಳೂರು ಏನು ಮಾಡ್ತು? ದ್ರಾವಿಡ್ ಐಕಾನ್ ಆಟಗಾರ. ಐಕಾನ್‌ಗೆ ತಂಡದ ಅತಿ ದುಬಾರಿ ಆಟಗಾರನಿಗಿಂತ ಶೇ 15 ಹೆಚ್ಚು ಕೊಡಬೇಕು ಅನ್ನೋ ನಿಯಮ. ಕಾಲಿಸ್‌ಗೆ 9 ಲಕ್ಷ ಡಾಲರ್ ಕೊಟ್ಟಿದ್ದಕ್ಕೆ ದ್ರಾವಿಡ್‌ಗೆ 10.35 ಲಕ್ಷ. ಇಬ್ಬರಿಗೇ ಪರ್ಸಿನ ಮೂರನೇ ಒಂದಕ್ಕಿಂತ ಹೆಚ್ಚು ಭಾಗ ಖಾಲಿ. ಜೊತೆಗೆ ಕುಂಬ್ಳೆ, ಬೌಚರ್, ಚಂದ್ರಪಾಲ್, ವಾಸಿಂ ಜಾಫರ್. ಟೆಸ್ಟ್ ಟೀಮು ಅಂತ ಜನ ನಕ್ಕಿದ್ದು ಸುಮ್ಮನೆ ಅಲ್ಲ. ಏಪ್ರಿಲ್ 18, ಮೊದಲ ಪಂದ್ಯ, ನಮ್ಮದೇ ಚಿನ್ನಸ್ವಾಮಿ. ಮೆಕಲಮ್ ಒಬ್ಬನೇ 158. ನಾವೆಲ್ಲ ಸೇರಿ 82. ವರ್ಷದ ಕೊನೆಗೆ ಎಂಟು ತಂಡಗಳಲ್ಲಿ ಏಳನೇ ಸ್ಥಾನ.

ಗೆದ್ದಿದ್ದು ಯಾರು? ಅತಿ ಅಗ್ಗದ ತಂಡ, ರಾಜಸ್ಥಾನ. ಶೇನ್ ವಾರ್ನ್ ನಾಯಕನೂ ಹೌದು, ಕೋಚೂ ಹೌದು. ಟೂರ್ನಿಯ ಶ್ರೇಷ್ಠ ಆಟಗಾರ ಶೇನ್ ವಾಟ್ಸನ್‌ಗೆ ಅವರು ಕೊಟ್ಟಿದ್ದು 1.25 ಲಕ್ಷ ಡಾಲರ್. ಅತಿ ಹೆಚ್ಚು ವಿಕೆಟ್, 22 ವಿಕೆಟ್, ತೆಗೆದ ಸೊಹೈಲ್ ತನ್ವೀರ್‌ಗೆ 1 ಲಕ್ಷ. ಇಬ್ಬರನ್ನೂ ಸೇರಿಸಿದ್ರೆ ಕಾಲಿಸ್‌ನ ಕಾಲು ಭಾಗ.

ನಮಗೂ ಒಂದು ಅಗ್ಗದ ಲಾಟರಿ ಹೊಡೀತು, ಅದನ್ನ ಮರೆಯಬಾರದು. 19 ವರ್ಷದೊಳಗಿನ ಹುಡುಗರನ್ನ ಹರಾಜು ಹಾಕಲಿಲ್ಲ, ಸರದಿ ಪ್ರಕಾರ ಒಂದೇ ಬೆಲೆಗೆ ಹಂಚಿದ್ರು. ಡೆಲ್ಲಿ ತನ್ನ ಸರದಿಯಲ್ಲಿ ಪ್ರದೀಪ್ ಸಾಂಗ್ವಾನ್‌ನ ಆರಿಸ್ತು. ಹಾಗಾಗಿ 30 ಸಾವಿರ ಡಾಲರ್‌ಗೆ ನಮ್ಮ ಪಾಲಿಗೆ ಬಂದ ಹುಡುಗನ ಹೆಸರು ವಿರಾಟ್ ಕೊಹ್ಲಿ.

5/8

"ಪರ್ಸು ಎಲ್ಲರಿಗೂ ಒಂದೇ ಅಂದ್ಮೇಲೆ ಕಪ್ಪು ಯಾಕೆ ಎಲ್ಲರಿಗೂ ಸಿಗಲ್ಲ?" ಹಿಂದಿನ ಸ್ಟೋರಿಯಲ್ಲಿ ಕ್ಲಾಸ್‌ಮೇಟ್ ಒಬ್ಬ ಕೇಳಿದ್ದ. ಒಳ್ಳೆ ಪ್ರಶ್ನೆ. ಲೆಕ್ಕ ನೋಡಿ: 2008ರಿಂದ 2025ರವರೆಗೆ 18 ಸೀಸನ್. ಚೆನ್ನೈ 5, ಮುಂಬೈ 5, ಕೋಲ್ಕತ್ತ 3. ಉಳಿದ ಐದನ್ನ ರಾಜಸ್ಥಾನ, ಡೆಕ್ಕನ್, ಸನ್‌ರೈಸರ್ಸ್, ಗುಜರಾತ್, ಬೆಂಗಳೂರು ಒಂದೊಂದು ಹಂಚಿಕೊಂಡಿವೆ. ಇಬ್ಬರ ಕೈಯಲ್ಲೇ 18ಕ್ಕೆ 10.

ಒಂದು ಕಾರಣ, ಪರ್ಸಿಗೆ ತೂತು ಇತ್ತು.

2010ರ ಹರಾಜಿನಲ್ಲಿ ಒಂದು ತಂಡ ಖರ್ಚು ಮಾಡಬಹುದಾಗಿದ್ದು ಏಳೂವರೆ ಲಕ್ಷ ಡಾಲರ್ ಮಾತ್ರ. ಕೀರನ್ ಪೊಲಾರ್ಡ್‌ಗೆ ನಾಲ್ಕು ತಂಡಗಳು ಅಷ್ಟನ್ನೂ ಕೂಗಿದ್ವು. ಆಮೇಲೆ? ಮುಚ್ಚಿದ ಲಕೋಟೆಯಲ್ಲಿ ಇನ್ನಷ್ಟು ಬರೆದು ಕೊಡಿ ಅಂದ್ರು. ಆ ಹೆಚ್ಚುವರಿ ದುಡ್ಡು ಮಂಡಳಿಗೆ, ಪರ್ಸ್ ಲೆಕ್ಕಕ್ಕೇ ಇಲ್ಲ. ಗೆದ್ದಿದ್ದು ಮುಂಬೈ. ಮಿತಿ ಅಂತ ಗೋಡೆ ಕಟ್ಟಿ, ಪಕ್ಕದಲ್ಲೇ ಬಾಗಿಲು ಇಟ್ಟ ಹಾಗಾಯ್ತು.

2011ರಲ್ಲಿ ಇನ್ನೊಂದು. ಹಳೇ ಆಟಗಾರರಲ್ಲಿ ನಾಲ್ವರನ್ನ ಉಳಿಸಿಕೊಳ್ಳಬಹುದು. ಮೊದಲನೆಯವನಿಗೆ 18 ಲಕ್ಷ ಡಾಲರ್, ನಾಲ್ವರಿಗೂ ಸೇರಿ 45 ಲಕ್ಷ, 90 ಲಕ್ಷದ ಪರ್ಸಿನಿಂದ ಕಳೀತಾರೆ. ಆದ್ರೆ ನಿಜವಾಗಿ ಅವರಿಗೆ ಎಷ್ಟು ಕೊಡ್ತೀರಿ ಅನ್ನೋದು ನಿಮ್ಮಿಷ್ಟ. ಚೆನ್ನೈ ನಾಲ್ವರನ್ನ ಉಳಿಸ್ಕೊಂಡ್ತು: ಧೋನಿ, ರೈನಾ, ವಿಜಯ್, ಮಾರ್ಕೆಲ್. ಮುಂಬೈಯೂ ನಾಲ್ವರನ್ನ: ಸಚಿನ್, ಹರ್ಭಜನ್, ಪೊಲಾರ್ಡ್, ಮಾಲಿಂಗ. ಬೆಂಗಳೂರು ಒಬ್ಬನನ್ನ, ಕೊಹ್ಲಿ. ಮುಂದಿನ ಹತ್ತು ವರ್ಷದ ಕಪ್ಪುಗಳ ಪಟ್ಟಿ ಪಕ್ಕದಲ್ಲಿಟ್ಟು ಇದನ್ನ ಓದಿ.

ಆದ್ರೆ ತೂತಿನ ಮೇಲೇ ಎಲ್ಲ ಹೊರೆ ಹಾಕೋದು ಆರ್‌ಸಿಬಿ ಫ್ಯಾನ್‌ಗಳ ಹಳೇ ಚಾಳಿ, ನಾನೂ ಅದರಲ್ಲಿ ಒಬ್ಬ. ದುಡ್ಡು ಸಮ ಆದಾಗ ಉಳಿಯೋ ವ್ಯತ್ಯಾಸ ಬುದ್ಧಿಯದ್ದು. 2025ಕ್ಕೆ ಎಲ್ಲರ ಪರ್ಸ್ 120 ಕೋಟಿ. ಲಖನೌ ಒಬ್ಬ ರಿಷಭ್ ಪಂತ್‌ಗೆ 27 ಕೋಟಿ ಕೊಟ್ಟು ಏಳನೇ ಸ್ಥಾನಕ್ಕೆ ಹೋಯ್ತು. ನಾವು ಹೇಜಲ್‌ವುಡ್‌ಗೆ 12.5, ಭುವನೇಶ್ವರ್‌ಗೆ 10.75, ಕೃಣಾಲ್ ಪಾಂಡ್ಯಗೆ 5.75 ಕೋಟಿ ಕೊಟ್ವಿ. ಮೂವರಿಗೂ ಸೇರಿ 29 ಕೋಟಿ. ಜೂನ್ 3, ಅಹಮದಾಬಾದ್, ಪಂಜಾಬ್ ವಿರುದ್ಧ 6 ರನ್ ಗೆಲುವು. ಪಂದ್ಯಶ್ರೇಷ್ಠ: 17 ರನ್‌ಗೆ 2 ವಿಕೆಟ್ ತೆಗೆದ ಕೃಣಾಲ್. ಮಾರನೇ ದಿನ ಚಿನ್ನಸ್ವಾಮಿ ಹೊರಗೆ ಕಾಲ್ತುಳಿತದಲ್ಲಿ 11 ಜನ ಹೋದರು. ಆ ಕಪ್ಪಿನ ಬಗ್ಗೆ ಬರೆಯುವಾಗ ಆ ಸಾಲನ್ನ ಬಿಟ್ಟು ಬರೆಯೋಕೆ ನನ್ನಿಂದ ಆಗಲ್ಲ.

ಪರ್ಸೇ ಬೇಡ, ಯಾರು ಎಷ್ಟಾದ್ರೂ ಕೊಡಲಿ ಅನ್ನೋರಿಗೆ: ಜರ್ಮನಿಯ ಫುಟ್‌ಬಾಲ್ ಲೀಗ್‌ನಲ್ಲಿ ಅಂಥ ಮಿತಿ ಇಲ್ಲ. 2013ರಿಂದ 2023ರವರೆಗೆ ಬೇಯರ್ನ್ ಮ್ಯೂನಿಕ್ ಸತತ 11 ಸಲ ಚಾಂಪಿಯನ್. ಹಳೇ ಬಾಂಬೆಯ ಕಥೆಯೇ.

6/8

ಈ ಫೋಟೋ ನನ್ನದಲ್ಲದ ಊರಿಂದು, ಹಾಗಾಗಿ ಮ್ಯಾಪ್ ಸ್ಕ್ರೀನ್‌ಶಾಟ್ ಹಾಕಿದ್ದೀನಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ. 2020ರ ಜನಗಣತಿ ಪ್ರಕಾರ ಜನಸಂಖ್ಯೆ 1 ಲಕ್ಷ 7 ಸಾವಿರ ಚಿಲ್ಲರೆ. ನಮ್ಮ ದಾವಣಗೆರೆ ನಗರ 2011ರಲ್ಲೇ 4 ಲಕ್ಷ 34 ಸಾವಿರ ದಾಟಿತ್ತು. ಅಂದ್ರೆ ದಾವಣಗೆರೆಯ ಕಾಲು ಭಾಗದ ಊರು.

ಆ ಊರಿಗೆ ಒಂದು ಅಮೆರಿಕನ್ ಫುಟ್‌ಬಾಲ್ ತಂಡ ಇದೆ, ಪ್ಯಾಕರ್ಸ್. ನ್ಯೂಯಾರ್ಕ್, ಶಿಕಾಗೊದಂಥ ಮಹಾನಗರಗಳ ಲೀಗ್‌ನಲ್ಲಿ ಆಡುತ್ತೆ. 13 ಸಲ ಚಾಂಪಿಯನ್!

1919ರಲ್ಲಿ ಶುರುವಾದಾಗ ಜೆರ್ಸಿಗೆ ದುಡ್ಡು ಕೊಟ್ಟಿದ್ದು ಊರಿನ ಮಾಂಸ ಪ್ಯಾಕಿಂಗ್ ಕಂಪನಿ. ಹೆಸರು ಬಂದಿದ್ದೂ ಅಲ್ಲಿಂದಲೇ. 1923ರಲ್ಲಿ ಕೈ ಖಾಲಿ ಆದಾಗ ಊರಿನವರಿಗೇ ತಲಾ 5 ಡಾಲರ್‌ನಂತೆ ಷೇರು ಮಾರಿದ್ರು. ಇವತ್ತಿಗೂ ಅದಕ್ಕೆ ಒಬ್ಬ ಸಾಹುಕಾರ ಮಾಲೀಕ ಇಲ್ಲ, 5 ಲಕ್ಷಕ್ಕೂ ಹೆಚ್ಚು ಷೇರುದಾರರಿದ್ದಾರೆ. ಲಾಭಾಂಶ ಒಂದು ಪೈಸೆ ಸಿಗಲ್ಲ, ಷೇರು ಮಾರಿ ದುಡ್ಡು ಮಾಡೋಕೂ ಆಗಲ್ಲ. ನಮ್ಮಲ್ಲಿ ದೇವಸ್ಥಾನಕ್ಕೆ ಚಂದಾ ಕೊಟ್ಟು ರಸೀದಿ ಜೋಪಾನವಾಗಿ ಇಟ್ಕೊಳ್ತಾರಲ್ಲ, ಹಾಗೆ.

ಆದ್ರೆ ಅಭಿಮಾನ ಒಂದರಿಂದ ಆ ತಂಡ ಉಳಿದಿಲ್ಲ. ಅದನ್ನ ಉಳಿಸಿದ್ದು 1961ರ ಒಂದು ಒಪ್ಪಂದ.

ಟಿವಿ ಬಂದ ಹೊಸತು. ನ್ಯೂಯಾರ್ಕ್‌ನಲ್ಲಿ ಮನೆ ಜಾಸ್ತಿ, ಟಿವಿ ಜಾಸ್ತಿ, ಹಾಗಾಗಿ ನ್ಯೂಯಾರ್ಕ್ ತಂಡಕ್ಕೆ ಟಿವಿ ದುಡ್ಡೂ ಜಾಸ್ತಿ. ಗ್ರೀನ್ ಬೇಗೆ ಚಿಲ್ಲರೆ. ಭದ್ರಾ ನಾಲೆ ನೆನಪಿಸ್ಕೊಳ್ಳಿ. ತೂಬಿನ ಹತ್ತಿರದವರು ಬೇಕಾದಷ್ಟು ಹರಿಸ್ಕೊಂಡ್ರೆ ಕೊನೆ ಭಾಗದವರ ಗದ್ದೆಗೆ ಏನು ಬರುತ್ತೆ? ನಮ್ಮ ಜಿಲ್ಲೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಲೀಗ್‌ನ ಕಮಿಷನರ್ ಪೀಟ್ ರೋಝೆಲ್ ಒಂದು ಪ್ರಸ್ತಾಪ ಇಟ್ಟ: ಎಲ್ಲರ ಟಿವಿ ಹಕ್ಕು ಒಟ್ಟಿಗೆ ಮಾರೋಣ, ಬಂದಿದ್ದನ್ನ ಸಮ ಪಾಲು ಮಾಡೋಣ. ತೂಬಿನ ಬುಡದಲ್ಲಿದ್ದ ನ್ಯೂಯಾರ್ಕ್ ಜೈಂಟ್ಸ್‌ನ ಮಾರಾ ಕುಟುಂಬ ಒಪ್ಪಿತು. ಎಲ್ಲರಿಗಿಂತ ಹೆಚ್ಚು ಕಳ್ಕೊಳ್ಳೋರು ಅವರೇ. ಹಾಗೆ ಒಟ್ಟಿಗೆ ಮಾರೋದಕ್ಕೆ ಕಾನೂನು ಅಡ್ಡಿ ಇತ್ತು. 1961ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಕೆನಡಿ ಸಹಿ ಹಾಕಿದ ಹೊಸ ಕಾಯ್ದೆ ಅದನ್ನ ತೆಗೆದುಹಾಕಿತು. ಮರುವರ್ಷ ಸಿಬಿಎಸ್ ವಾಹಿನಿಯಿಂದ ಬಂದ 46.5 ಲಕ್ಷ ಡಾಲರ್ 14 ತಂಡಗಳಿಗೆ ಸಮನಾಗಿ ಹೋಯ್ತು. ಗ್ರೀನ್ ಬೇಗೂ ಅಷ್ಟೇ, ನ್ಯೂಯಾರ್ಕ್‌ಗೂ ಅಷ್ಟೇ.

ಸಂಬಳಕ್ಕೆ ಮಿತಿ ಅಲ್ಲಿ ಬಂದಿದ್ದು 1994ರಲ್ಲಿ. ಅಂದ್ರೆ ಮೂರು ದಶಕ ಮೊದಲು ಆದಾಯ ಹಂಚಿಕೊಂಡ್ರು, ಆಮೇಲೆ ಖರ್ಚಿಗೆ ಮಿತಿ ಹಾಕಿದ್ರು. ಈ ಕ್ರಮ ನೆನಪಿಟ್ಟು ಸ್ವೈಪ್ ಮಾಡಿ.

7/8

ದಾವಣಗೆರೆ ಡೈಮಂಡ್ಸ್. ಹೆಸರು ಕೇಳಿದ್ದೀರಾ?

2009ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್, ಕೆಪಿಎಲ್, ಶುರುವಾಯ್ತು. ಐಪಿಎಲ್ ಹುಟ್ಟಿ ಇನ್ನೂ ಒಂದೂವರೆ ವರ್ಷ. ಮೈಸೂರು, ಮಂಗಳೂರು, ಬೆಳಗಾವಿ, ಮಲೆನಾಡು ಹೀಗೆ ಒಂದೊಂದು ಭಾಗಕ್ಕೊಂದು ತಂಡ. ಅವುಗಳ ಸಾಲಲ್ಲಿ ನಮ್ಮ ದಾವಣಗೆರೆ ಡೈಮಂಡ್ಸ್ ಕೂಡ. ನಿಮ್ಮಲ್ಲಿ ಹೆಚ್ಚಿನವರು ಆಗ ಅಂಗನವಾಡಿಗೂ ಹೋಗ್ತಿರಲಿಲ್ಲ.

ಆಗ ಈ ಊರಿಗೆ ಕ್ರಿಕೆಟ್‌ನಲ್ಲಿ ಒಂದು ಮುಖ ಇತ್ತು. ಆರ್. ವಿನಯ್ ಕುಮಾರ್. ದಾವಣಗೆರೆಯ ಆಟೋ ಚಾಲಕರ ಮಗ, 'ದಾವಣಗೆರೆ ಎಕ್ಸ್‌ಪ್ರೆಸ್'. (ಹುಟ್ಟಿದ ದಿನ ಫೆಬ್ರುವರಿ 12, ವಿಶ್ವನಾಥ್ ಹುಟ್ಟಿದ್ದೂ ಅದೇ ದಿನ. ಸುಮ್ಮನೆ ಹೇಳ್ದೆ.) ಇವರ ಐಪಿಎಲ್ ಪಯಣವನ್ನ ಒಮ್ಮೆ ನೋಡಿದ್ರೆ ಲೀಗ್‌ಗಳ ಹಣಕಾಸು ಅರ್ಥ ಆಗುತ್ತೆ. ಮೊದಲು ಆರ್‌ಸಿಬಿ. 2011ರಲ್ಲಿ ಕೊಚ್ಚಿ ಟಸ್ಕರ್ಸ್. ಆ ತಂಡವನ್ನ ಮಾಲೀಕರು 33 ಕೋಟಿ ಡಾಲರ್‌ಗೂ ಹೆಚ್ಚು ಕೊಟ್ಟು ಕೊಂಡಿದ್ರು, ಅಂದ್ರೆ ಮೊದಲ ವರ್ಷದ ಬೆಂಗಳೂರಿನ ಸುಮಾರು ಮೂರು ಪಟ್ಟು. ಬ್ಯಾಂಕ್ ಗ್ಯಾರಂಟಿ ಕಟ್ಟಲಾಗದೆ ಒಂದೇ ಸೀಸನ್‌ಗೆ ತಂಡ ರದ್ದು. ಆಟಗಾರರು ಮತ್ತೆ ಹರಾಜಿಗೆ. 2012ರಲ್ಲಿ ಆರ್‌ಸಿಬಿ ವಿನಯ್‌ನ 10 ಲಕ್ಷ ಡಾಲರ್‌ಗೆ ವಾಪಸ್ ಕರ್ಕೊಂಡ್ತು. ಆಟೋ ಸ್ಟ್ಯಾಂಡಿನ ಪಕ್ಕ ಬೆಳೆದ ಹುಡುಗನ ಬೆಲೆ ಅದು. 2013-14 ಮತ್ತು 2014-15ರಲ್ಲಿ ಕರ್ನಾಟಕ ಸತತ ಎರಡು ಸಲ ರಣಜಿ ಗೆದ್ದಾಗ ನಾಯಕನೂ ಅವರೇ.

ಅಂದ್ರೆ ಇಲ್ಲಿ ಪ್ರತಿಭೆಗೆ ಬರ ಇರಲಿಲ್ಲ. ಆದ್ರೆ 2010ರ ನಂತರ ಕೆಪಿಎಲ್ ನಿಂತುಹೋಯ್ತು. 2014ರಲ್ಲಿ ಮತ್ತೆ ಶುರುವಾದಾಗ ಏಳು ತಂಡ: ಬೆಳಗಾವಿ, ಬಳ್ಳಾರಿ, ಬಿಜಾಪುರ, ಹುಬ್ಬಳ್ಳಿ, ಮಂಗಳೂರು, ಮೈಸೂರು, ಜೊತೆಗೆ ಸಿನಿಮಾದವರ ರಾಕ್‌ಸ್ಟಾರ್ಸ್. ದಾವಣಗೆರೆ ಇಲ್ಲ. ಸಿನಿಮಾದವರಿಗೆ ಜಾಗ ಇತ್ತು, ನಮಗಿರಲಿಲ್ಲ. ಇದನ್ನ ಓದಿದಾಗ ನನಗೆ ಸಣ್ಣ ಕೋಪ ಬಂತು, ನಿಮಗೂ ಬರಲಿ.

ಐಪಿಎಲ್ ತಂಡಗಳು ಬದುಕೋದು ಟಿಕೆಟ್ ದುಡ್ಡಿಂದ ಅಲ್ಲ. 2023ರಿಂದ 27ರವರೆಗಿನ ಪ್ರಸಾರ ಹಕ್ಕು ಮಾರಾಟ ಆಗಿದ್ದು 48,390 ಕೋಟಿ ರೂಪಾಯಿಗೆ. ಅದರಲ್ಲಿ ತಂಡಗಳಿಗೆ ಸೇರೋ ದೊಡ್ಡ ಭಾಗ ಎಲ್ಲರಿಗೂ ಸಮನಾಗಿ ಹೋಗುತ್ತೆ. ಗ್ರೀನ್ ಬೇ ಸೂತ್ರವೇ ಅದು. ರಾಜ್ಯದ ಲೀಗ್‌ಗೆ ಅಂಥ ನಾಲೆ ಎಲ್ಲಿದೆ? ಹಂಚೋಕೆ ನೀರೇ ಇಲ್ಲದ ಕಡೆ ಮಾಲೀಕ ತನ್ನ ಜೇಬಿಂದ ಬಕೆಟ್ ಬಕೆಟ್ ಸುರೀಬೇಕು. ಜೇಬು ಬತ್ತಿದ ದಿನ ತಂಡ ಇಲ್ಲ. ಪರ್ಸ್ ಮಿತಿ ಹಾಕಿದ್ರೆ ಶ್ರೀಮಂತನ ಕೈ ಕಟ್ಟಬಹುದು, ಬಡವನ ಜೇಬು ತುಂಬಲ್ಲ.

ಇಂಥ ಕಡೆ ಕೆಟ್ಟ ದುಡ್ಡು ಬರೋ ಅಪಾಯವೂ ಹೆಚ್ಚು. 2019ರಲ್ಲಿ ಕೆಪಿಎಲ್ ಫಿಕ್ಸಿಂಗ್ ಆರೋಪದಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ತಂಡದ ಮಾಲೀಕರೊಬ್ಬರನ್ನೂ ಕೆಲ ಆಟಗಾರರನ್ನೂ ಬಂಧಿಸಿದ್ರು. 2022ರ ಜನವರಿಯಲ್ಲಿ ಹೈಕೋರ್ಟ್, ಮ್ಯಾಚ್ ಫಿಕ್ಸಿಂಗ್ ಅನ್ನೋದು ದಂಡ ಸಂಹಿತೆಯ 420ನೇ ಕಲಂನ ವಂಚನೆ ಆಗಲ್ಲ, ಕ್ರಮ ತಗೋಬೇಕಿದ್ರೆ ಕ್ರಿಕೆಟ್ ಮಂಡಳಿ ತಗೋಬೇಕು ಅಂತ ಹೇಳಿ ಕೆಲವರ ಮೇಲಿನ ಪ್ರಕರಣ ರದ್ದು ಮಾಡ್ತು. ಕೆಪಿಎಲ್ ಮಾತ್ರ 2019ರ ನಂತರ ಮೇಲೇಳಲಿಲ್ಲ.

2022ರಲ್ಲಿ ಅದರ ಜಾಗಕ್ಕೆ ಮಹಾರಾಜ ಟ್ರೋಫಿ ಬಂತು. ಮೊದಲ ವರ್ಷ ಮಾಲೀಕರೇ ಬೇಡ ಅಂತ ರಾಜ್ಯ ಕ್ರಿಕೆಟ್ ಸಂಸ್ಥೆ ತಾನೇ ನಡೆಸಿತು, ಆಟಗಾರರನ್ನ ಹರಾಜು ಹಾಕದೆ ಸರದಿಯಲ್ಲಿ ಹಂಚಿತು. 2023ರಿಂದ ಮತ್ತೆ ಮಾಲೀಕರು, ಮತ್ತೆ ಹರಾಜು. ಆ ವರ್ಷ ತಂಡಕ್ಕೆ 50 ಲಕ್ಷದ ಪರ್ಸು, ಅತಿ ದುಬಾರಿ ಆಟಗಾರ ಅಭಿನವ್ ಮನೋಹರ್ 15 ಲಕ್ಷಕ್ಕೆ ಶಿವಮೊಗ್ಗದ ಪಾಲು. ಚಾಂಪಿಯನ್‌ಗಳು: 2022 ಗುಲ್ಬರ್ಗ, 2023 ಹುಬ್ಬಳ್ಳಿ, 2024 ಮೈಸೂರು, 2025 ಮಂಗಳೂರು. ನಾಲ್ಕು ವರ್ಷ, ನಾಲ್ಕು ಊರು. ಜೋಡಿ ಚೆನ್ನಾಗಿ ಕಟ್ಟಿದ್ದಾರೆ ಅಂತಲೇ ಹೇಳಬೇಕು. ಆದ್ರೆ ಅಖಾಡದಲ್ಲಿ ಇರೋದು ಆರೇ ತಂಡ. ಇಲ್ಲೂ ದಾವಣಗೆರೆ ಇಲ್ಲ. ನಾವು ಶಿವಮೊಗ್ಗಕ್ಕೆ ಚಪ್ಪಾಳೆ ತಟ್ಟಬೇಕು. ಹೊನ್ನಾಳಿ, ನ್ಯಾಮತಿ, ಚನ್ನಗಿರಿಯವರಿಗೆ ಅದು ಕಷ್ಟ ಅಲ್ಲ ಬಿಡಿ, 1997ರವರೆಗೆ ಆ ಜಿಲ್ಲೆಯವರೇ ಆಗಿದ್ರಲ್ಲ. ಜಗಳೂರಿನವರು ಏನು ಮಾಡಬೇಕು?

8/8

ಕೊನೆಯ ಫೋಟೋ ಈ ವರ್ಷದ್ದು. ಪ್ಲಾಸ್ಟಿಕ್ ಕುರ್ಚಿ, ಮೈಕು, ಬಿಳಿ ಬೋರ್ಡು. ಹಳ್ಳಿ ಪ್ರೀಮಿಯರ್ ಲೀಗ್‌ನ ಹರಾಜು.

ನಮ್ಮ ಕಡೆ ಈಗ ಊರಿಗೊಂದು ಪ್ರೀಮಿಯರ್ ಲೀಗ್. ಒಂದೇ ಊರಿನ, ಇಲ್ಲಾ ಒಂದೇ ಹೋಬಳಿಯ ಹುಡುಗರನ್ನೆಲ್ಲ ಒಂದು ಪಟ್ಟಿಗೆ ಹಾಕ್ತಾರೆ. ಮಾಲೀಕರಿಗೆ ದುಡ್ಡಿನ ಬದಲು ಪಾಯಿಂಟು, ಎಲ್ಲರಿಗೂ ಸಮ. ಅಡಿಕೆ ಮಂಡಿ ಇಟ್ಟವನಿಗೂ ಅಷ್ಟೇ ಪಾಯಿಂಟು, ಮೊಬೈಲ್ ಅಂಗಡಿಯವನಿಗೂ ಅಷ್ಟೇ. ಒಬ್ಬನ ಮೇಲೇ ಎಲ್ಲಾ ಪಾಯಿಂಟು ಸುರಿದು, ಆಮೇಲೆ ಉಳಿದ ಹತ್ತು ಜನರನ್ನ ಬೇಸ್ ಪ್ರೈಸಿಗೆ ಹುಡುಕೋ ಮಾಲೀಕರನ್ನ ನೀವೂ ನೋಡಿರ್ತೀರಿ. 2008ರ ಆರ್‌ಸಿಬಿ ಪ್ರತಿ ಊರಲ್ಲೂ ಇದೆ.

ಇದು ಟೂರ್ನಮೆಂಟ್ ಒಳಗಿನ ಜೋಡಿ. ತಾಲ್ಲೂಕು ತಾಲ್ಲೂಕಿನ ನಡುವೆ? ಚನ್ನಗಿರಿಯಲ್ಲಿ ಅಡಿಕೆ ರೇಟು ಏರಿದ ವರ್ಷ ಮೊದಲ ಬಹುಮಾನದ ಮೊತ್ತಕ್ಕೆ ಇನ್ನೊಂದು ಸೊನ್ನೆ ಬೀಳುತ್ತೆ, ಫ್ಲಡ್‌ಲೈಟ್ ಬರುತ್ತೆ, ಯೂಟ್ಯೂಬ್ ಲೈವ್ ಬರುತ್ತೆ. ಜಗಳೂರಲ್ಲಿ ಮಳೆ ಕೈಕೊಟ್ಟ ವರ್ಷ ಮೆಕ್ಕೆಜೋಳವೂ ಇಲ್ಲ, ದಾನಿಯೂ ಇಲ್ಲ. ಬಾಲ್ ಅಷ್ಟೇ ವೇಗವಾಗಿ ಹಾಕೋ ಹುಡುಗ ಅಲ್ಲೂ ಇದ್ದಾನೆ. ಅವನು ಚನ್ನಗಿರಿಗೆ ಬಂದ್ರೆ ಪೋಸ್ಟರ್ ಹೇಳುತ್ತೆ: ಆಧಾರ್ ಕಾರ್ಡ್ ಕಡ್ಡಾಯ.

ಮೊದಲ ಪೋಸ್ಟ್‌ನಲ್ಲಿ ಆ ನಿಯಮವನ್ನ ನಾನು ಹೊಗಳಿದ ಹಾಗೆ ಕಂಡಿತ್ತು, ಅಲ್ವಾ? ಟೂರ್ನಮೆಂಟ್ ಉಳಿಸೋಕೆ ಅದು ಬೇಕು. ಆದ್ರೆ ಅದು ಜಗಳೂರಿನ ಹುಡುಗನಿಗೆ ಬಾಗಿಲನ್ನೂ ಹಾಕುತ್ತೆ. ಮಾರಾ ಕುಟುಂಬ ಮಾಡಿದ್ದನ್ನ ನಮ್ಮ ನಾಲ್ಕು ತಾಲ್ಲೂಕಿನ ಕಮಿಟಿಗಳು ಮಾಡಬಹುದಾ? ನಾಲ್ಕು ಕಡೆ ನಾಲ್ಕು ಟೂರ್ನಮೆಂಟ್ ಬದಲು ಒಂದೇ ಲೀಗ್, ಯೂಟ್ಯೂಬ್ ಲೈವ್‌ನ ಜಾಹೀರಾತು ದುಡ್ಡು, ದಾನಿಗಳ ದುಡ್ಡು ಎಲ್ಲಾ ಒಂದೇ ಹುಂಡಿಗೆ, ಪಂದ್ಯಗಳು ಸರದಿಯಲ್ಲಿ ಒಂದೊಂದು ಊರಲ್ಲಿ. ಹೆಚ್ಚು ಬಿಟ್ಟುಕೊಡಬೇಕಾಗಿರೋದು ಚನ್ನಗಿರಿ. ಚನ್ನಗಿರಿಯವರು ಒಪ್ತೀರೋ ಇಲ್ವೋ ಕಾಮೆಂಟ್‌ನಲ್ಲಿ ಹೇಳಿ, ಬೈದ್ರೂ ಪರವಾಗಿಲ್ಲ.

ಇನ್ನೊಂದು ಕೆಲಸ. ನಿಮ್ಮ ಮನೆಯಲ್ಲಿ, ಮಾವಂದಿರ ಹಳೇ ಫೋನಿನಲ್ಲಿ, ಟ್ರಂಕಿನಲ್ಲಿ ದಾವಣಗೆರೆ ಡೈಮಂಡ್ಸ್‌ನ ಟಿಕೆಟ್ಟು, ಟೀ ಶರ್ಟು, ಪೇಪರ್ ಕಟಿಂಗು ಏನಾದ್ರೂ ಇದ್ರೆ ಫೋಟೋ ತೆಗೆದು ಮೆಸೇಜ್ ಮಾಡಿ. 2009 ಮತ್ತು 2010ರದ್ದು. ಬಂದಿದ್ದನ್ನೆಲ್ಲ ಒಂದು ಹೈಲೈಟ್ ಮಾಡಿ ಪ್ರೊಫೈಲ್ ಮೇಲೆ ಇಡ್ತೀನಿ.